ದಿನಾ ಓಡ್ಯಾಡೋ ನರ್ಸಿಗೆ ಮತ್ತ ವಾಕಿಂಗ್ ಯಾಕ ಬೇಕು?

ಭಾಗ 1

ಮೊನ್ನೆ ಸ್ಟೋರಿಯೊಳಗ ಒಂದು ಪೋಲ್ ಹಾಕಿದ್ದೆ, ನೆನಪದಲ್ಲ? "ನರ್ಸ್ ಕೆಲಸ ಮಾಡೋರಿಗೆ ಡ್ಯೂಟಿ ಮುಗಿದ ಮ್ಯಾಲ ಬ್ಯಾರೆ ವ್ಯಾಯಾಮ ಬೇಕಾ?" ಬಹಳ ಮಂದಿ "ಬ್ಯಾಡ" ಒತ್ತಿದ್ರಿ. ನಮ್ಮ ಕ್ಲಾಸಿನ ಒಬ್ಬಾತ ಮೆಸೇಜೂ ಹಾಕಿದ: "ದಿನಪೂರ್ತಿ ವಾರ್ಡಿನೊಳಗ ಓಡ್ಯಾಡ್ತಾರ, ಅದಕ್ಕಿಂತ ದೊಡ್ಡ ವಾಕಿಂಗ್ ಯಾವ್ದಪ್ಪ?"

ಈ ಮಾತು ನಮ್ಮ ಮನ್ಯಾಗೂ ಕೇಳೀನಿ. ನಮ್ಮ ದೊಡ್ಡಪ್ಪನ ಮಗಳು ನರ್ಸ್. ಜಿಎನ್‌ಎಂ ಮುಗಿಸಿ ಒಂದು ಖಾಸಗಿ ಆಸ್ಪತ್ರೆಯೊಳಗ ಕೆಲಸಕ್ಕ ಅದಾಳ. ಅಕ್ಕಗ ಈಗ 29. ಹೋದ ವರ್ಷದಿಂದ ಸೊಂಟನೋವು. ರಕ್ತ ಪರೀಕ್ಷೆಯೊಳಗ ಸಕ್ಕರೆ ಅಂಚಿಗೆ ಬಂದು ನಿಂತದ. ದಿನಾ ಹತ್ತು ಮಂದಿ ಪೇಷಂಟಿಗೆ "ನಡೀರಿ, ಮೈ ಆಡಸ್ರಿ" ಅಂತ ಹೇಳಾಕಿ ಆಕಿ. ಡಾಕ್ಟರ್ ಆಕಿಗೇ ಆ ಮಾತು ಹೇಳಿದಾಗ ಮನ್ಯಾಗ ಎಲ್ಲರೂ ನಕ್ಕರು. "ನಿಂತು ನಿಂತು ಕಾಲು ಬಾತು ಬಂದಾಳ, ಇನ್ನ ಎಲ್ಲಿ ನಡೀತಾಳ?"

ಅವ್ರು ನಕ್ಕಿದ್ದು ಪ್ರೀತಿಯಿಂದಾನೇ. ಆದ್ರ ನಮ್ಮ ಪೋಲಿನ "ಬ್ಯಾಡ", ಮನಿ ಮಂದಿಯ ನಗು, ಎರಡೂ ಒಂದೇ ನಂಬಿಕಿ ಮ್ಯಾಲ ನಿಂತಾವ: ಕೆಲಸದ ಓಡಾಟ ಅಂದ್ರ ವ್ಯಾಯಾಮ. ಅದು ಹಂಗಿಲ್ಲ ಅನ್ನೋದು ಮೊದಲ್ನೇ ಮಾತು. ಹಂಗಾದ್ರ ಆಕಿಗಿ ಖರೇ ಬೇಕಾಗಿರೋದು ಏನು, ಅದು ಯಾರ ಕೈಯಾಗ ಅದ ಅನ್ನೋದು ಎರಡ್ನೇದು. ಒಂದು ಕ್ಯಾಪ್ಷನ್‌ನಾಗ ಮುಗಿಯಲ್ಲ, ಒಂಬತ್ತು ಆಗ್ಯಾವ. ಚಾ ತಗೊಂಡು ಕುಂತು ಓದ್ರಿ.

ಭಾಗ 2

ಬಿಕಾಂ ಓದೋರಿಗೆ ಇದು ಡಿಪ್ರಿಸಿಯೇಷನ್ ಲೆಕ್ಕದಾಗ ಲಗೂನ ತಿಳೀತದ. ಒಂದು ಮಷೀನು ದಿನಾ ಹತ್ತು ತಾಸು ಓಡ್ತದ ಅಂತ ಇಟ್ಕೋರಿ. "ಭಾಳ ಓಡ್ತದಲ್ಲ, ಇದಕ್ಕ ಸರ್ವಿಸಿಂಗ್ ಬ್ಯಾಡ" ಅಂತ ಯಾವ ಮಾಲಕ ಅಂತಾನ? ಹೆಚ್ಚು ಓಡೋ ಮಷೀನಿಗೇ ಸರ್ವಿಸಿಂಗ್ ಹೆಚ್ಚು ಬೇಕು. ಓಡೋದು ಒಂದು ಖಾತೆ, ಸರ್ವಿಸಿಂಗ್ ಇನ್ನೊಂದು ಖಾತೆ. ಎರಡನ್ನೂ ಒಂದೇ ಕಡಿ ಬರೆದ್ರ ಲೆಕ್ಕ ಟ್ಯಾಲಿ ಆಗಲ್ಲ.

ಇದು ನನ್ನ ಹೋಲಿಕಿ ಆಯ್ತು. ಸಂಶೋಧನೆ ಏನಂತದ ನೋಡ್ರಿ. 2021ರಲ್ಲಿ ಯುರೋಪಿಯನ್ ಹಾರ್ಟ್ ಜರ್ನಲ್‌ನಲ್ಲಿ ಡೆನ್ಮಾರ್ಕಿನ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಕೋಪನ್‌ಹೇಗನ್‌ನ 1,04,046 ಜನರನ್ನು ಸುಮಾರು 10 ವರ್ಷ ಗಮನಿಸಿದ್ದರು. ಪುರಸೊತ್ತಿನ ಹೊತ್ತಿನಲ್ಲಿ ಚೆನ್ನಾಗಿ ಮೈ ಆಡಿಸುವವರಿಗೆ ಹೃದಯದ ತೊಂದರೆ ಕಡಿಮೆ, ಸಾವೂ ಕಡಿಮೆ. ಕೆಲಸದ ಜಾಗದಲ್ಲೇ ಹೆಚ್ಚು ದೈಹಿಕ ಶ್ರಮ ಇರುವವರಿಗೆ ಉಲ್ಟಾ, ಎರಡೂ ಹೆಚ್ಚು. ಇದಕ್ಕೆ ಸಂಶೋಧಕರು "ದೈಹಿಕ ಚಟುವಟಿಕೆಯ ವಿರೋಧಾಭಾಸ" ಅಂತ ಹೆಸರಿಟ್ಟಿದ್ದಾರೆ. ಎಲ್ಲಾ ಸಂಶೋಧಕರೂ ಇದನ್ನು ಪೂರ್ತಿ ಒಪ್ಪಿಲ್ಲ. ಕಷ್ಟದ ಕೆಲಸ ಮಾಡೋರಿಗೆ ಬಡತನ, ನಿದ್ದೆಗೇಡು, ತಂಬಾಕು ಎಲ್ಲಾ ಕೂಡಿರ್ತಾವ, ಅದರ ಪಾಲು ಎಷ್ಟು ಅನ್ನೋ ವಾದ ನಡೆದೇ ಅದ.

ಆದ್ರ ಅವರು ಕೊಡೋ ಕಾರಣ ಮಾತ್ರ ಯಾವ ನರ್ಸಿಗೆ ಹೇಳಿದ್ರೂ "ಹೌದು" ಅಂತಾಳ. ವಾಕಿಂಗ್ ಹೋದಾಗ ಅರ್ಧ ತಾಸು ಎದಿ ಬಡಿತ ಏರ್ತದ, ಆಮ್ಯಾಲ ಇಳೀತದ, ಮೈಗೆ ವಿಶ್ರಾಂತಿ ಸಿಗ್ತದ. ವಾರ್ಡಿನೊಳಗ ಹಂಗಲ್ಲ. ಬೆಡ್‌ನಿಂದ ಬೆಡ್‌ಗೆ ನಾಕು ಹೆಜ್ಜಿ, ನಿಲ್ಲೋದು, ಬಗ್ಗೋದು, ತನಗಿಂತ ತೂಕದ ಪೇಷಂಟನ್ನ ಸೊಂಟ ತಿರುವಿ ಎತ್ತೋದು, ಮತ್ತ ನಿಲ್ಲೋದು. ಬಡಿತ ಪೂರ್ತಿ ಏರೋದೂ ಇಲ್ಲ, ಪೂರ್ತಿ ಇಳಿಯೋದೂ ಇಲ್ಲ. ತಾಸುಗಟ್ಟಲೆ ಅದೇ ನಡು ಗೇರಿನಾಗ ಗಾಡಿ. ಮೊಬೈಲು ಮಾತ್ರ ಸಂಜಿಕ ಸಾವಿರಾರು ಹೆಜ್ಜಿ ತೋರಿಸಿ "ಭೇಷ್" ಅಂತದ.

ಭಾಗ 3

ಇಲ್ಲೊಂದು ತಮಾಷೆ ಹೇಳ್ತೀನಿ. ನಮ್ಮ ಡಾಕ್ಟರುಗಳು, ರೀಲ್ಸ್ ಕೋಚುಗಳು, ಪೇಪರಿನ ಆರೋಗ್ಯ ಪುಟ, ಎಲ್ಲಾ ಕಡಿ "ಹೆಣ್ಮಕ್ಕಳು ಬಿರುಸಾಗಿ ನಡದ್ರ ಹೃದಯಕ್ಕ ಒಳ್ಳೇದು" ಅಂತ ಬರ್ತದಲ್ಲ, ಅದಕ್ಕ ದೊಡ್ಡ ಪುರಾವಿ ಎಲ್ಲಿಂದ ಬಂತು ಗೊತ್ತಾ? ನರ್ಸುಗಳಿಂದ.

1976ರಲ್ಲಿ ಅಮೆರಿಕದಲ್ಲಿ ಫ್ರಾಂಕ್ ಸ್ಪೈಜರ್ ಎಂಬ ವೈದ್ಯರು "ನರ್ಸಸ್ ಹೆಲ್ತ್ ಸ್ಟಡಿ" ಶುರು ಮಾಡಿದರು. 30ರಿಂದ 55 ವಯಸ್ಸಿನ ಸುಮಾರು 1,21,700 ನರ್ಸುಗಳು ಅಂಚೆಯಲ್ಲಿ ಬಂದ ಪ್ರಶ್ನೆಪತ್ರಿಕೆ ತುಂಬಿ ಕಳಿಸಿದರು. ಮೊದಲಿನ ಉದ್ದೇಶ ಗರ್ಭನಿರೋಧಕ ಗುಳಿಗೆಯ ಪರಿಣಾಮ ತಿಳಿಯುವುದು. ನರ್ಸುಗಳನ್ನೇ ಆರಿಸಿದ್ದು ಯಾಕಂದ್ರ ಅವರಿಗೆ ವೈದ್ಯಕೀಯ ಪ್ರಶ್ನೆ ಅರ್ಥ ಆಗ್ತದ, ಉತ್ತರ ಸರಿಯಾಗಿ ಬರೀತಾರ. ಅವರು ವರ್ಷಗಟ್ಟಲೆ ಬರೆದರು. ಆ ಉತ್ತರಗಳಿಂದಲೇ 1999ರಲ್ಲಿ ಒಂದು ಪ್ರಸಿದ್ಧ ಲೇಖನ ಬಂತು: ವಾರಕ್ಕೆ 3 ತಾಸು ಅಥವಾ ಹೆಚ್ಚು ಬಿರುಸಾಗಿ ನಡೆಯುವ ಹೆಂಗಸರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ 30ರಿಂದ 40ರಷ್ಟು ಕಡಿಮೆ. ಅದರಲ್ಲಿ ಲೆಕ್ಕಕ್ಕೆ ಬಂದ ನರ್ಸುಗಳು 72,488. ಪಾಳಿ ಬದಲಾಗುವ ನೈಟ್ ಡ್ಯೂಟಿಯನ್ನು ಬಹಳ ವರ್ಷ ಮಾಡಿದವರಿಗೆ ಹೃದಯದ ಅಪಾಯ ಹೆಚ್ಚು ಅನ್ನೋದೂ ಇದೇ ನರ್ಸುಗಳು ಕೊಟ್ಟ ಮಾಹಿತಿಯಿಂದ ಗೊತ್ತಾಗಿದ್ದು.

ಅಂದ್ರ, ನಡಿಯೋದರಿಂದ ಏನು ಲಾಭ, ರಾತ್ರಿ ಪಾಳಿಯಿಂದ ಏನು ನಷ್ಟ, ಎರಡಕ್ಕೂ ಸಾಕ್ಷಿ ಕೊಟ್ಟೋರು ನರ್ಸುಗಳೇ. ಅವರಿಗೇ ನಾವು "ನಿನಗ್ಯಾಕ ವಾಕಿಂಗ್" ಅಂತೀವಿ.

ಭಾಗ 4

ಈಗ ಹೊತ್ತಿನ ಮಾತು. ಬಹಳ ಆಸ್ಪತ್ರೆಯೊಳಗ ಪಾಳಿ ಹಿಂಗ ಇರ್ತದ: ಮುಂಜಾನಿ 8ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಮುಂಜಾನಿ 8. ಕಾಗದದ ಮ್ಯಾಲ ಭಾಳ ಚಂದ. ಆದ್ರ ಹ್ಯಾಂಡೋವರ್ ಅಂತ ಒಂದಿರ್ತದ, ಮುಂದಿನ ಪಾಳಿ ಸಿಸ್ಟರಿಗೆ ಒಂದೊಂದು ಪೇಷಂಟಿನ ವಿಷಯ ಹೇಳಿ ಹೊಂಡೋದು. ಆಮ್ಯಾಲ ಬಸ್ಸು. ಮನಿ ಮುಟ್ಟೋದ್ರಾಗ ಇನ್ನೊಂದು ತಾಸು.

ನಮ್ಮ ಯಾದಗಿರಿ ಬಿಸಲು ಬ್ಯಾರೆ. ಏಪ್ರಿಲ್, ಮೇ ತಿಂಗಳಾಗ 40 ಡಿಗ್ರಿ ದಾಟೋದು ನಮಗ ಸುದ್ದಿನೇ ಅಲ್ಲ. ಆ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಆಫೀಸುಗಳು ಮುಂಜಾನಿ 8ರಿಂದ ಮಧ್ಯಾಹ್ನ 1:30 ತನಕ ಅಂತ ವೇಳೆ ಬದಲಾಗ್ತದ, ನಿಮಗೆಲ್ಲಾ ಗೊತ್ತು. ಕ್ಲರ್ಕ್ ಸಾಹೇಬರು ಮಧ್ಯಾಹ್ನ ಮನಿಗಿ ಹೋಗಿ ಮಲಗಿ ಎದ್ದು ಸಂಜಿಕ ತಿರುಗಾಡ್ಲಾಕ ಹೋಗ್ಬಹುದು. ವಾರ್ಡಿಗೆ ಹಂಗ ಬಾಗಲು ಹಾಕೋ ಹೊತ್ತಿಲ್ಲ. ನೈಟ್ ಮುಗಿಸಿ ಬಸ್ ಇಳಿದಾಕಿಗಿ ಒಂಬತ್ತು ಗಂಟೇದಾಗೇ ನೆತ್ತಿ ಸುಡ್ತಿರ್ತದ.

ಇದೇ ಕಾರಣಕ್ಕ ನನಗ ಆ "ಬೆಳಿಗ್ಗೆ ಐದಕ್ಕೆ ಏಳಿ, ಜೀವನ ಬದಲಾಯಿಸಿ" ರೀಲ್ಸ್ ಕಂಡ್ರ ಸಿಟ್ಟು ಬರ್ತದ. ಐದಕ್ಕ ಏಳ್ಬೇಕಂದ್ರ ಮೊದಲು ಮಲಗಿರ್ಬೇಕಲ್ಲ. ಆ ಹೊತ್ತಿನಾಗ ಆಕಿ ಯಾರಿಗೋ ಜ್ವರ ನೋಡ್ತಿರ್ತಾಳ, ಯಾರದೋ ಸಲೈನ್ ಬಾಟ್ಲಿ ಬದಲಿಸ್ತಿರ್ತಾಳ.

ವ್ಯಾಯಾಮದ ಸಲಹೆ ಎಲ್ಲಾ "ದಿನಾ ಒಂದೇ ಹೊತ್ತಿಗೆ ಮಾಡಿ, ಅಭ್ಯಾಸ ಆಗ್ತದ" ಅಂತದ. ಪಾಳಿಯವರಿಗೆ ಒಂದೇ ಹೊತ್ತು ಅನ್ನೋದೇ ಇಲ್ಲ. ಅಕ್ಕ ಮತ್ತ ಆಕಿ ಗೆಳತಿಯರ ಜೊತಿ ಮಾತಾಡಿದಾಗ ನನಗ ತಿಳಿದಿದ್ದು, ಗಡಿಯಾರಕ್ಕ ಕಟ್ಟಿದ್ರ ಇದು ನಡಿಯಲ್ಲ, ಪಾಳಿಗೆ ಕಟ್ಟಬೇಕು. ಮುಂಜಾನಿ ಪಾಳಿ ಇದ್ದ ವಾರ ಸಂಜಿ ಚಾ ಆದ ಕೂಡ್ಲೆ. ಮಧ್ಯಾಹ್ನದ ಪಾಳಿ ಇದ್ದ ವಾರ ಮುಂಜಾನಿ ಬಿಸಲು ಏರೋಕ ಮೊದಲು. ನೈಟ್ ಮುಗಿದ ದಿನ ಏನೂ ಬ್ಯಾಡ, ಮಲಗ್ರಿ. ಆ ದಿನ ನಿದ್ದಿ ಕೆಡಿಸಿ ಓಡೋದು ಯಾವ ಶಾಣ್ಯಾತನ? ಆ ದಿನದ ಮಟ್ಟಿಗೆ ಮನಿ ಮಂದಿ ಟಿವಿ ಸೌಂಡ್ ಕಡಿಮಿ ಮಾಡಿದ್ರ ಅದೇ ದೊಡ್ಡ ಸಹಾಯ.

ಇದೆಲ್ಲಾ ನಡಿಯೋದು ಪಾಳಿ ಪಟ್ಟಿ ಮೊದಲೇ ಕೈಗೆ ಬಂದ್ರ. ತಿಂಗಳ ಪಟ್ಟಿ ತಿಂಗಳ ಮೊದಲು ಗೋಡಿಗಿ ಹಚ್ಚಿದ್ರ ಆಕಿ ಯಾವ ದಿನ ನಡಿಬಹುದು, ಯಾವ ದಿನ ಇಲ್ಲ ಅಂತ ಗುರುತು ಹಾಕ್ಕೋತಾಳ. ಶನಿವಾರ ರಾತ್ರಿ ವಾಟ್ಸಾಪ್‌ನಾಗ "ಸೋಮವಾರದಿಂದ ನಿಮಗ ನೈಟ್" ಅಂತ ಬಂದ್ರ ವ್ಯಾಯಾಮ ಹೋಗ್ಲಿ, ಮದುವಿ ಮನಿಗಿ ಹೋಗೋದೂ ಆಗಲ್ಲ. ಪಟ್ಟಿ ಮೊದಲು ಕೊಡ್ಲಾಕ ಆಸ್ಪತ್ರೆಗೆ ಒಂದು ರೂಪಾಯಿ ಖರ್ಚಿಲ್ಲ. ಜಿಮ್ ಕಟ್ಟಿಸಿ ಕೊಡ್ರಿ ಅಂತ ಕೇಳೋಕಿಂತ ಮೊದಲು ಇದನ್ನ ಕೇಳ್ಬೇಕು ಅಂತ ನನ್ನ ಅಭಿಪ್ರಾಯ.

ಭಾಗ 5

ಈ ಭಾಗ ಹುಡುಗರು ಪೂರ್ತಿ ಓದ್ರಿ.

ನಾನು ಸಂಜಿಕ ರಾಮಸಮುದ್ರದ ರಸ್ತಾದಾಗ ಕೈ ಬೀಸಿಕೋತ ಹೊಂಟ್ರ ಯಾರೂ ಏನೂ ಕೇಳಲ್ಲ. ಭಾಳಂದ್ರ "ಏನಪಾ, ಆರಾಮ?" ಅಂತಾರ. ಅದೇ ರಸ್ತಾದಾಗ ಅಕ್ಕ ಒಬ್ಬಾಕಿನೇ ಹೊಂಟ್ರ ಒಂದು ಕಟ್ಟಿ ಬಿಟ್ಟು ಇನ್ನೊಂದು ಕಟ್ಟಿಯಿಂದ ಪ್ರಶ್ನೆ ಬರ್ತದ. "ಎಲ್ಲಿಗಿ ಹೊಂಟಿ?" "ಒಬ್ಬಾಕಿನೇ ಯಾಕ?" "ಡ್ಯೂಟಿ ಇಲ್ಲೇನು?" ಕೇಳೋರಿಗೆ ಕೆಟ್ಟ ಮನಸ್ಸಿಲ್ಲ. ನಮ್ಮ ಕಡಿ ಎದುರಿಗೆ ಬಂದೋರನ್ನ ಮಾತಾಡಿಸೋದು ರೂಢಿ. ಆದ್ರ ಹೆಣ್ಮಗಳು ಹೊರಗ ಬಂದ್ರ ಕೈಯಾಗ ಏನಾದ್ರೂ ಇರ್ಬೇಕು ಅನ್ನೋದೂ ರೂಢಿನೇ. ಕೊಡ, ಬುತ್ತಿ, ಕಿರಾಣಿ ಚೀಲ, ಕಂಕುಳಾಗ ಕೂಸು. ಬರಿಗೈಲೆ ನಡಿಯೋ ಹೆಣ್ಮಗಳು ಅಂದ್ರ ನಮ್ಮ ಊರ ಕಣ್ಣಿಗೆ ಇನ್ನೂ ಉತ್ತರ ಇಲ್ಲದ ಪ್ರಶ್ನೆ.

ಅದಕ್ಕ ನಮ್ಮ ಹೆಣ್ಮಕ್ಕಳು ಉಪಾಯ ಮಾಡ್ಯಾರ, ಗಮನಿಸೀರಾ? "ಗುಡಿಗಿ ಹೋಗಿ ಬರ್ತೀನಿ." ಗುಡಿಗಿ ಅಂದ್ರ ಯಾರೂ ಅಡ್ಡ ಬರಲ್ಲ. ಶ್ರಾವಣದಾಗ ಗುಡಿ ಸುತ್ತ ಎಷ್ಟು ಸುತ್ತು ಹಾಕಿದ್ರೂ ಭಕ್ತಿ ಅಂತಾರ. ಅದೇ ಸುತ್ತು ರಸ್ತಾದಾಗ ಹಾಕಿದ್ರ "ಏನಾಗ್ಯದ ಈಕಿಗಿ" ಅಂತಾರ. ಅಕ್ಕನ ಗೆಳತಿ ಒಬ್ಬಾಕಿ ಖಾಲಿ ಚೀಲ ಹಿಡ್ಕೊಂಡು ವಾಕಿಂಗ್ ಹೋಗ್ತಾಳಂತ. ಕೇಳಿದ್ರ "ಸಕ್ಕರಿ ತರ್ಲಾಕ" ಅಂತಾಳ. ಖಾಲಿ ಚೀಲ ಹೊತ್ತು ಹೋಗಿ ಖಾಲಿ ಚೀಲ ಹೊತ್ತು ಬರ್ತಾಳ. ನಗು ಬಂತು ನನಗ, ಆಮ್ಯಾಲ ನಗು ನಿಂತೂ ಬಿಡ್ತು.

ಬ್ರದರ್ ಅಂತ ಕರೀತೀವಲ್ಲ, ಗಂಡು ನರ್ಸುಗಳು, ಅವರ ಪಾಳಿನೂ ಇದೇ, ಸುಸ್ತೂ ಇದೇ. ಆದ್ರ ಡ್ಯೂಟಿ ಮುಗಿದ್ರ ಮೈದಾನಕ್ಕ ಹೋಗಿ ವಾಲಿಬಾಲ್ ಆಡ್ತಾರ. ಅವರ ಪುರಸೊತ್ತಿಗೆ ಜಾಗ ಅದ, ಜೊತಿ ಅದ, ಪ್ರಶ್ನೆ ಇಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಂದಾಜಿನ ಪ್ರಕಾರ 2022ರಲ್ಲಿ ಭಾರತದ ವಯಸ್ಕ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ, ಗಂಡಸರಲ್ಲಿ ಶೇ 42. ಈ 15ರ ಅಂತರ ಸೋಮಾರಿತನದ್ದು ಅಂತ ಯಾರಾದ್ರೂ ಅಂದ್ರ ಅವರನ್ನ ಒಂದು ದಿನ ಬರಿಗೈಲೆ, ಸೀರಿ ಉಡಿಸಿ, ನಮ್ಮ ಕಟ್ಟಿ ಮುಂದ ನಡಸ್ಬೇಕು.

ಇಬ್ಬರು ಕೂಡಿ ಹೊಂಟ್ರ ಪ್ರಶ್ನೆ ಅರ್ಧ ಕಡಿಮಿ ಆಗ್ತದ. ಮೂರು ಮಂದಿ ಆದ್ರ ಪೂರ್ತಿ ನಿಲ್ತದ. ಇದು ನಾ ಕಂಡಿದ್ದು. ಜೊತಿ ಇದ್ರ ಇನ್ನೊಂದು ಲಾಭ, ಸುಸ್ತಾದ ದಿನ ಆಕಿ ತನಗಂತ ಹೊಂಡಲ್ಲ, ಗೆಳತಿ ಕಾಯ್ತಾಳ ಅಂತ ಹೊಂಡ್ತಾಳ.

ಭಾಗ 6

ಈಗ ಅಡಗಿ ಮನಿ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಟೈಮ್ ಯೂಸ್ ಸರ್ವೆ ಮಾಡಿತು, ಜನ ದಿನದ 24 ತಾಸು ಹ್ಯಾಂಗ ಕಳೀತಾರ ಅಂತ. ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ಕೊಡೋ ಹೊತ್ತು ದಿನಕ್ಕೆ ಸರಾಸರಿ 299 ನಿಮಿಷ. ಗಂಡಸರು 97 ನಿಮಿಷ. 299 ಅಂದ್ರ ಐದು ತಾಸಿಗೆ ಒಂದೇ ನಿಮಿಷ ಕಡಿಮಿ. ನರ್ಸ್ ಅಂದ್ರ ಇದು ಡ್ಯೂಟಿ ಮ್ಯಾಲ ಇನ್ನೊಂದು ಡ್ಯೂಟಿ, ಹ್ಯಾಂಡೋವರ್ ಇಲ್ಲದ ಡ್ಯೂಟಿ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ಕೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ. ಎರಡೂ ಪಕ್ಕಪಕ್ಕ ಇಟ್ಟು ನೋಡ್ರಿ. ವಾರಕ್ಕೆ ಬೇಕಾದ 150 ನಿಮಿಷ, ದಿನದ ಮನೆಗೆಲಸದ ಅರ್ಧ. ಜ್ವಾಳದ ರೊಟ್ಟಿ ಬಡಿಯೋದನ್ನ ವಾರದಾಗ ಮೂರು ಸಂಜಿ ಇನ್ನೊಬ್ಬರು ಹೊತ್ತುಕೊಂಡ್ರ ಆಕಿ ವಾರದ ವ್ಯಾಯಾಮ ಅಲ್ಲೇ ಹುಟ್ತದ. ಹುಡುಗರೇ, ರೊಟ್ಟಿ ಬರಲ್ಲ ಅಂತೀರಾ? ಅನ್ನ ಸಾರಾದ್ರೂ ಮಾಡ್ಬಹುದಲ್ಲ. ನನ್ನ ರೊಟ್ಟಿ ಇನ್ನೂ ಭಾರತದ ನಕ್ಷೆ ಹಂಗ ಬರ್ತದ, ತಿನ್ನೋರು ತಿಂತಾರ.

ಇಷ್ಟರಾಗ ಯಾರಾದ್ರೂ "ಮನಿಗೆಲಸನೂ ವ್ಯಾಯಾಮನೇ ಅಲ್ಲೇನು, ನಮ್ಮಜ್ಜಿ ಜಿಮ್‌ಗೆ ಹೋಗಿದ್ಳಾ" ಅಂತೀರಿ. ಕಸ ಹೊಡಿಯೋದು, ಬಟ್ಟಿ ಒಗಿಯೋದು ಮೈ ಆಡ್ಸೋದೇ, ಅದನ್ನ ಅಲ್ಲಗಳಿಯಲ್ಲ. ಆದ್ರ ಅಜ್ಜಿಗೆ ರಾತ್ರಿ ಪಾಳಿ ಇರ್ಲಿಲ್ಲ. ಸೂರ್ಯ ಮುಳುಗಿದ್ರ ಆಕಿ ಮಲಗ್ತಿದ್ಳು.

ಭಾಗ 7

ದುಡ್ಡಿನ ಮಾತು ಬಿಟ್ರ ನಾನು ಬಿಕಾಂ ಓದಿ ಏನು ಉಪಯೋಗ.

ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳದ ಬಗ್ಗೆ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆ ಆದ್ರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಅಂತ ಸಮಿತಿ ಶಿಫಾರಸು ಮಾಡಿತು. ರಜೆ, ಕೆಲಸದ ಹೊತ್ತು, ಓಡಾಟದ ವ್ಯವಸ್ಥೆ, ವಸತಿ ಕೂಡ ಸರ್ಕಾರಿ ನರ್ಸಿನಂತೆ ಇರಬೇಕು ಅಂತ ಹೇಳಿತು. ಶಿಫಾರಸು ಅಂದ್ರ ಶಿಫಾರಸು. ಅಕ್ಕನ ಮೊದಲ ಕೆಲಸದ ಸಂಬಳ ಎಷ್ಟಿತ್ತು ಅಂತ ಇಲ್ಲಿ ಬರಿಯಲ್ಲ, ಆಕಿಗಿ ನಾಚಿಕಿ ಆಗ್ತದ. ನಾಚಿಕಿ ಆಕಿಗಿ ಯಾಕ ಆಗ್ಬೇಕು ಅನ್ನೋದು ಬ್ಯಾರೆ ಮಾತು.

ಆ ಸಂಬಳದಾಗ ಜಿಮ್ ಫೀ, ಶೂ, ಪ್ರೋಟೀನ್ ಡಬ್ಬಿ ಅಂತ ಹೇಳೋರು ಬ್ಯಾರೆ ಲೋಕದಾಗ ಅದಾರ. ದುಡ್ಡಿಲ್ಲದ ದಾರಿ ಮೊದಲು ಹೇಳ್ಬೇಕು. 2020ರ ಮಾರ್ಗಸೂಚಿಯೊಳಗ ಒಂದು ಒಳ್ಳೇ ಬದಲಾವಣೆ ಅದ: ಮೊದಲು ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಇದ್ರೇನೇ ಲೆಕ್ಕ ಅಂತಿದ್ರು, ಆ ಷರತ್ತು ತೆಗೆದುಹಾಕ್ಯಾರ. ಐದು ನಿಮಿಷ ಬಿರುಸಾಗಿ ನಡದ್ರೂ ಲೆಕ್ಕಕ್ಕ ಬರ್ತದ. ಮತ್ತೊಂದು, ವಾರಕ್ಕೆ ಎರಡು ದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮನೂ ಬೇಕು ಅಂತದ. ಪೇಷಂಟ್ ಎತ್ತೋರಿಗೆ ಇದು ನಡಿಗಿಗಿಂತ ದೊಡ್ಡದು ಅನಸ್ತದ ನನಗ. ಕುರ್ಚಿ ಮ್ಯಾಲಿಂದ ಕೈ ಊರದೆ ಎದ್ದು ಕೂಡೋದು, ಗೋಡಿಗಿ ಕೈ ಕೊಟ್ಟು ಪುಶ್‌ಅಪ್, ನೀರಿನ ಬಾಟ್ಲಿ ಎತ್ತೋದು. ಖರ್ಚು ಸೊನ್ನೆ. ನೋವು ಇದ್ದೋರು ಮಾತ್ರ ಮೊದಲು ಫಿಸಿಯೋಥೆರಪಿಯವರಿಗೆ ತೋರಿಸ್ಕೊಂಡೇ ಶುರು ಮಾಡ್ರಿ. ಅಕ್ಕನೂ ಹಂಗೇ ಮಾಡಿದ್ಳು.

ಭಾಗ 8

ಆಟದ ಬಗ್ಗೆ ಯಾರೂ ಮಾತಾಡಲ್ಲ, ಅದಕ್ಕ ನಾ ಮಾತಾಡ್ತೀನಿ. ನಮ್ಮ ಜೊತಿ ಹೈಸ್ಕೂಲಿನಾಗ ಖೋಖೋ ಆಡಿದ ಹುಡುಗಿಯರು ಎಷ್ಟು ಮಂದಿ ಈಗ ನರ್ಸಿಂಗ್ ಓದ್ಲಾಕ ಹೋಗ್ಯಾರ ಎಣಸ್ರಿ. ಕಲಬುರಗಿ, ರಾಯಚೂರು, ಬೆಂಗಳೂರು, ಹೈದರಾಬಾದ್. ಖೋಖೋದಾಗ ಅವರನ್ನ ಹಿಡಿಯೋದು ನಮಗೂ ಆಗ್ತಿರ್ಲಿಲ್ಲ. ಆ ಕಾಲು ಎಲ್ಲಿ ಹೋದವು? ಹಾಸ್ಟೆಲ್, ಪಿಜಿ, ಸಂಜಿ ಏಳಕ್ಕ ಗೇಟ್ ಬಂದ್.

ಸರ್ಕಾರಿ ನೌಕರರಿಗೆ ಜಿಲ್ಲಾ ಮಟ್ಟದಾಗ ಕ್ರೀಡಾಕೂಟ ಆಗ್ತದ. ಸಿಸ್ಟರುಗಳು ಥ್ರೋಬಾಲ್ ಆಡೋದು, ಓಡೋದು ನೋಡ್ಲಾಕ ಚಂದ. ಆದ್ರ ಅದು ವರ್ಷಕ್ಕ ಒಮ್ಮೆ, ಅದೂ ಸರ್ಕಾರಿ ನೌಕರಿ ಇದ್ದೋರಿಗೆ. ಖಾಸಗಿ ಆಸ್ಪತ್ರೆಯ ಹುಡುಗಿಗೆ ಅಲ್ಲಿ ಲೈನ್ ಇಲ್ಲ. ಮೇ 12ಕ್ಕ ನರ್ಸ್ ದಿನಾಚರಣೆ, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಕೇಕು, ಹೂವು, ಮೇಣದಬತ್ತಿ. ಜೂನ್ 21ಕ್ಕ ಯೋಗ, ಫೋಟೋ. ಮೇ 13, ಜೂನ್ 22 ಮತ್ತ ಅದೇ ಪಾಳಿ. ಕೇಕಿನ ದುಡ್ಡಿನಾಗ ಒಂದು ಥ್ರೋಬಾಲ್ ನೆಟ್ಟು ಬರ್ತದ, ಆಸ್ಪತ್ರೆ ಹಿಂದಿನ ಖಾಲಿ ಜಾಗದಾಗ ಎರಡು ಕಂಬ ನಟ್ರ ಪಾಳಿ ಮುಗಿಸಿದ ಆರು ಮಂದಿ ಬಸ್ ಬರೋತನಕ ಆಡ್ತಾರ. ವ್ಯಾಯಾಮ ಅಂದ್ರ ಮೈಗೆ ಬ್ಯಾಸರ, ಆಟ ಅಂದ್ರ ಸುಸ್ತಾದ ಕಾಲೂ ಏಳ್ತಾವ.

ಯಾದಗಿರಿಯೊಳಗ ಜಾಗ ಇಲ್ಲ ಅಂತ ಅನ್ಬ್ಯಾಡ್ರಿ. ಜಿಲ್ಲಾ ಕ್ರೀಡಾಂಗಣ ಅದ, ಲುಂಬಿನಿ ವನ ಅದ, ಊರ ನಡುವಿನ ಬೆಟ್ಟದ ಮ್ಯಾಲ ಕೋಟೆ ಅದ. ಕೋಟೆ ಹತ್ತಿ ಇಳಿದ್ರ ಯಾವ ಜಿಮ್ಮಿನ ಸ್ಟೆಪ್ಪರ್ ಬೇಕು? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮ್ಯಾಲ ಹಳ್ಳಿಯಿಂದ ಹೋಗಿ ಬರ್ಲಾಕ ಹೆಣ್ಮಕ್ಕಳಿಗೆ ಬಸ್ ಖರ್ಚೂ ಇಲ್ಲ. ಅಕ್ಕನ ಗುಂಪು ಚಳಿಗಾಲದಾಗ ಎರಡು ರವಿವಾರ ಹೋಗಿತ್ತು. ಮ್ಯಾಲ ಕುಂತು ಚುರುಮುರಿ ತಿಂದಿದ್ದೇ ಹೆಚ್ಚು ಅಂತ ಆಕಿನೇ ಹೇಳ್ತಾಳ. ತಿನ್ಲಿ ಬಿಡ್ರಿ, ಹತ್ತಿ ಇಳಿದಿದ್ದು ಹತ್ತಿ ಇಳಿದಿದ್ದೇ.

ಹಾಸ್ಟೆಲಿನಾಗ ಇರೋ ನನ್ನ ಹಳೇ ಕ್ಲಾಸ್‌ಮೇಟ್‌ಗಳೇ, ನಿಮಗ ಒಂದು ಮಾತು. ಟೆರೇಸಿನ ಕೀಲಿ ಕೇಳ್ರಿ. ಒಬ್ಬಾಕಿನೇ ಹೋಗಿ ಕೇಳ್ಬ್ಯಾಡ್ರಿ, ಹತ್ತು ಮಂದಿ ಸಹಿ ಮಾಡಿ ಕೇಳ್ರಿ. ಒಂದು ಹಗ್ಗ, ಒಂದು ಸ್ಪೀಕರ್, ಸಂಜಿ ಅರ್ಧ ತಾಸು. ವಾರ್ಡನ್ ಬೈದ್ರ ನೀವು ಓದಿದ ಪುಸ್ತಕದಾಗೇ ವ್ಯಾಯಾಮದ ಪಾಠ ಅದಲ್ಲ, ಅದನ್ನ ತೋರಸ್ರಿ.

ಭಾಗ 9

ಯಾದಗಿರಿ ಜಿಲ್ಲಾ ಆಗಿದ್ದು 2009ರ ಡಿಸೆಂಬರ್ 30ಕ್ಕ. ಆಮ್ಯಾಲ ಇಲ್ಲಿ ಆಸ್ಪತ್ರೆ ಬೆಳದದ, ಮೆಡಿಕಲ್ ಕಾಲೇಜೂ ಬಂದದ. ಇನ್ನ ಮುಂದ ನಮ್ಮ ಹಳ್ಳಿಗಳಿಂದ ನರ್ಸ್ ಆಗೋ ಹುಡುಗಿಯರು ಇನ್ನೂ ಹೆಚ್ಚಾಗ್ತಾರ. ಇವತ್ತು 29ಕ್ಕ ಸೊಂಟ ಹಿಡ್ಕೊಂಡು ಕುಂತಿರೋದು ನಮ್ಮ ಅಕ್ಕ. ಹತ್ತು ವರ್ಷಕ್ಕ ನಿಮ್ಮ ತಂಗಿ.

ಅಕ್ಕ ಈಗ ನಡೀತಾಳ. ವಾರಕ್ಕ ಮೂರು ದಿನ, ಒಮ್ಮೊಮ್ಮೆ ಎರಡು. ಪಕ್ಕದ ಓಣಿಯ ಅಂಗನವಾಡಿ ಟೀಚರ್ ಒಬ್ಬರು ಜೊತಿ ಸಿಕ್ಕಾರ. ಸೊಂಟನೋವು ಪೂರ್ತಿ ಹೋಗಿಲ್ಲ, ಮಲಗಿ ಎದ್ದಾಗಿನ ಬಿಗಿತ ಕಡಿಮಿ ಆಗ್ಯದ ಅಂತಾಳ. ಸಕ್ಕರೆ ಮುಂದಿನ ತಿಂಗಳು ಮತ್ತ ನೋಡ್ತಾರ. ಮುಂಜಾನಿ ಪಾಳಿಯ ವಾರ ಮಾತ್ರ ತೊಂದ್ರಿ. ಮನಿಗಿ ಬಂದು, ಜರಾ ಮಲಗಿ, ಚಾ ಆಗೋದ್ರಾಗ ಕತ್ತಲಾಗ್ತದ. ಕತ್ತಲಾಗ ನಾಯಿ, ಟ್ರ್ಯಾಕ್ಟರ್, ಲೈಟ್ ಹಾಕದ ಬೈಕ್. ಹೆಣ್ಮಕ್ಕಳು ಆರೂವರೆಗೇ ಒಳಗ ಸೇರ್ತಾರ.

ಅದಕ್ಕ ಒಂದು ಅರ್ಜಿ ಬರದೀನಿ. ದೊಡ್ಡದೇನಿಲ್ಲ. ಮೈದಾನದ ಸುತ್ತ ನಡಿಯೋ ಬದಿಗೆ ಎರಡು ಎಲ್‌ಇಡಿ ದೀಪ, ಮುಂಜಾನಿ ಐದೂವರೆಯಿಂದ ಏಳು, ಸಂಜಿ ಆರರಿಂದ ಎಂಟು ತನಕ ಗೇಟ್ ತೆರೆದಿಡೋದು, ಅಷ್ಟೇ. ನರ್ಸುಗಳಿಗೆ ಅಂತ ಬರದಿಲ್ಲ, ಊರ ಹೆಣ್ಮಕ್ಕಳಿಗೆ ಅಂತ ಬರದೀನಿ, ಯಾಕಂದ್ರ ನಾಕು ಮಂದಿ ನರ್ಸುಗಳೇ ನಡದ್ರ ಮತ್ತ ಕಟ್ಟಿ ಮ್ಯಾಲಿನ ಪ್ರಶ್ನೆ ಶುರು ಆಗ್ತಾವ. ಅವ್ವಂದಿರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಪಿಯುಸಿ ಹುಡುಗಿಯರು ಎಲ್ಲಾ ಇದ್ರ ಯಾರೂ ಯಾರನ್ನೂ ಕೇಳಲ್ಲ. ಮೂರು ದಿನ ಅದೇ ಹೊತ್ತಿಗೆ ಹುಡುಗರ ಕ್ರಿಕೆಟ್ ಇರ್ತದ. ಪಿಚ್ ಬಿಟ್ಟು ಬೌಂಡರಿ ಕಡಿ ನಡೀಲಾಕ ಜಾಗ ಬಿಡ್ತೀವಿ ಅಂತ ನಮ್ಮ ಟೀಮಿನ ಏಳು ಮಂದಿ ಒಪ್ಪ್ಯಾರ. ನಾಕು ಮಂದಿ ಇನ್ನೂ "ಬಾಲ್ ಬಡಿದ್ರ ನಮ್ಮ ಜವಾಬ್ದಾರಿ ಇಲ್ಲ" ಅಂತ ಜಗಳಾಡ್ಲತ್ತಾರ. ಅವರು ಯಾರು ಅಂತ ಅವರಿಗೆ ಗೊತ್ತದ, ಈ ಕ್ಯಾಪ್ಷನ್ ಓದ್ಲತ್ತಾರ.

ಅರ್ಜಿಯ ಫೋಟೋ ಕೊನೇ ಸ್ಲೈಡಿನಾಗ ಅದ. ಸಹಿ ಇಲ್ಲೀತನಕ 31. ಊರಾಗ ಇರೋರು ಬರ್ರಿ, ಅವ್ವನ್ನೂ ಅಕ್ಕನ್ನೂ ಕರ್ಕೊಂಡು ಬರ್ರಿ, ಅವರ ಸಹಿ ನಿಮ್ಮ ಸಹಿಗಿಂತ ಹೆಚ್ಚು ಬೇಕು. ಹೊರಗ ಇರೋ ನರ್ಸಿಂಗ್ ಗೆಳತಿಯರು ನಿಮ್ಮ ಹಾಸ್ಟೆಲಿನಾಗ ಟೆರೇಸ್ ಕೀಲಿ ಸಿಕ್ತೋ ಇಲ್ಲೋ ಅಂತ ಕಮೆಂಟಿನಾಗ ಬರೀರಿ. ಬುಧವಾರ ಸಂಜಿ ಆರಕ್ಕ ಮೈದಾನದ ಗೇಟಿನ ಹತ್ರ ಇರ್ತೀನಿ. ಪೆನ್ನು ನಾನೇ ತರ್ತೀನಿ.

#ರಾಮಸಮುದ್ರ #ಯಾದಗಿರಿ #ನರ್ಸಮ್ಮನವಾಕಿಂಗ್ #ಎರಡುದೀಪ